ಸರೀಸೃಪ ಸಾಕುವ ಕೋಣೆಯ ಗೋಡೆಗೆ ಬೂಷ್ಟು: ಒರೆಸುವ ಮೊದಲು ನೀರಿನ ದಾರಿ ಹುಡುಕಿ

ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ಕಳೆಯುವವರೆಗೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ಮನೆಗಳಲ್ಲಿ ಬೂಷ್ಟು ಬರುವುದು ಹೊಸತಲ್ಲ. ಚಪ್ಪಲಿ, ಬೆಲ್ಟು, ಕಪಾಟಿನ ಕಿತಾಬು, ಗೋಡೆಯ ಮೂಲೆ, ಎಲ್ಲಕ್ಕೂ ಹಿಡಿಯುತ್ತದೆ. ಆದರೆ ಅದೇ ಕೋಣೆಯಲ್ಲಿ ಆಮೆ, ಇಗ್ವಾನಾ, ಗೆಕ್ಕೊ ಅಥವಾ ಬಾಲ್ ಪೈಥಾನ್ ಇದ್ದರೆ ವಿಷಯ ಬೇರೆ. ವಾಸನೆ ಬಂದರೆ ನಾವು ಎದ್ದು ಹೊರಗೆ ಹೋಗುತ್ತೇವೆ. ಗಾಜಿನ ಪೆಟ್ಟಿಗೆಯೊಳಗಿನ ಪ್ರಾಣಿ ಎಲ್ಲಿಗೆ ಹೋಗಬೇಕು? ನಮ್ಮ ಯುವಕರಲ್ಲಿ ಇಂಥ ಪ್ರಾಣಿ ಸಾಕುವವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಬೂಷ್ಟು ಯಾಕೆ ಬರುತ್ತದೆ?

ಬೂಷ್ಟಿನ ಬೀಜಾಣುಗಳು ಎಲ್ಲ ಮನೆಯ ಗಾಳಿಯಲ್ಲೂ ಉಂಟು. ಅವು ಬೆಳೆಯಲು ಬೇಕಾದ ಆಹಾರವೂ ಪೇಂಟ್, ಧೂಳು, ಮರ, ಕಾಗದದಲ್ಲಿ ಸಿಗುತ್ತದೆ. ಇವೆರಡನ್ನೂ ತಪ್ಪಿಸಲು ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ಒಂದೇ, ನೀರು. ಒದ್ದೆಯಾದ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಹಾಗಾಗಿ ಒರೆಸಿದ ಮೇಲೆ ಪುನಃ ಅದೇ ಜಾಗದಲ್ಲಿ ಬಂದರೆ ತಪ್ಪು ಸೋಪಿನದ್ದಲ್ಲ, ಎಲ್ಲಿಂದಲೋ ನೀರು ಬರುತ್ತಿದೆ ಎಂದರ್ಥ.

ನೀರಿನ ದಾರಿ ಸಾಮಾನ್ಯವಾಗಿ ಮೂರು. ಒಂದು, ಟೆರೇಸ್ ಅಥವಾ ಪೈಪಿನ ಸೋರಿಕೆ. ಇದರ ಗುರುತು ಮೇಲಿನಿಂದ ಕೆಳಗೆ ಇಳಿಯುತ್ತದೆ. ಎರಡು, ನೆಲದಿಂದ ಗೋಡೆಗೆ ಏರುವ ತೇವ. ಕೆಂಪು ಕಲ್ಲಿನ ಗೋಡೆ ನೀರು ಹೀರುವುದು ಹೆಚ್ಚು. ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಮಳೆಯ ಹೊಡೆತವೂ ಜೋರು. ಮೂರು, ಕೋಣೆಯೊಳಗಿನ ತೇವ. ಆಮೆಯ ನೀರಿನ ಟ್ಯಾಂಕ್, ಇಗ್ವಾನಾಕ್ಕೆ ದಿನವೂ ಮಾಡುವ ಸ್ಪ್ರೇ, ಬೆಚ್ಚಗಿನ ಲೈಟು, ಇವುಗಳಿಂದ ಏಳುವ ಆವಿ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ.

ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆ ಉಂಟು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿಯಲ್ಲಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ, ಮೇಸ್ತ್ರಿಯನ್ನು ಕರೆಯಬೇಕು. ಹೊರಬದಿ ಒದ್ದೆಯಾದರೆ ಕೋಣೆಯ ಗಾಳಿಯೇ ಕಾರಣ.

ಇನ್ನೊಂದು ಮಾತು, ಗೋಡೆಯ ಮೇಲಿನ ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಒಂದು ಹನಿ ನೀರು ಹಾಕಿದಾಗ ಕರಗಿದರೆ ಅದು ಗೋಡೆಯಿಂದ ಹೊರಬಂದ ಉಪ್ಪು. ಅದೂ ಗೋಡೆ ನೀರು ಕುಡಿದಿದೆ ಎಂಬುದರ ಗುರುತೇ.

ಪ್ರಾಣಿಗೆ ಏನಾಗುತ್ತದೆ?

ಗೋಡೆಯ ಬೂಷ್ಟು ಕಂಡ ಕೂಡಲೇ ಪ್ರಾಣಿಗೆ ರೋಗ ಬಂತೆಂದು ಹೆದರಬೇಕಿಲ್ಲ. ಆದರೆ ಗೋಡೆಗೆ ಬೂಷ್ಟು ತರುವ ತೇವವೇ ಪ್ರಾಣಿಯ ಶ್ವಾಸಕೋಶ ಮತ್ತು ಚರ್ಮವನ್ನೂ ಕೆಡಿಸಬಲ್ಲದು. ತೇವದ ಜೊತೆ ಚಳಿಯೂ ಸೇರಿದರೆ ಹೆಚ್ಚು ಅಪಾಯ. ಸರೀಸೃಪದ ಮೈಗೆ ಸಾಕಷ್ಟು ಬಿಸಿ ಸಿಗದಿದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಅವಕ್ಕೆ ನಮ್ಮ ಹಾಗೆ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ.

ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸದ್ದು, ಊಟ ಬಿಡುವುದು, ಆಮೆ ಒಂದು ಬದಿಗೆ ವಾಲಿ ತೇಲುವುದು, ಚರ್ಮದ ಮೇಲೆ ಹಳದಿ ಅಥವಾ ಕಂದು ಹೆಪ್ಪು, ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಿಗೆ ತೋರಿಸಿ. ಮನೆಮದ್ದು ಮಾಡುತ್ತಾ ದಿನ ಕಳೆಯಬೇಡಿ.

ಎಲ್ಲ ಪ್ರಾಣಿಗೂ ಒಂದೇ ತೇವ ಸರಿಹೋಗದು. ಲೆಪರ್ಡ್ ಗೆಕ್ಕೊಗೆ ಶೇ. 30ರಿಂದ 40 ಸಾಕು, ಜೊತೆಗೆ ಪೊರೆ ಬಿಡಲು ಒಂದು ಒದ್ದೆ ಗೂಡು ಬೇಕು. ಹಸಿರು ಇಗ್ವಾನಾಕ್ಕೆ ಶೇ. 70ರ ಮೇಲೆಯೇ ಬೇಕು. ಹಾಗಾಗಿ ಕೋಣೆ ಒಣಗಿಸುವ ಭರದಲ್ಲಿ ಇಗ್ವಾನಾದ ಪೆಟ್ಟಿಗೆಯನ್ನು ಒಣಗಿಸಬೇಡಿ. ಪೆಟ್ಟಿಗೆಯೊಳಗಿನ ತೇವ ಒಂದು ಲೆಕ್ಕ, ಕೋಣೆಯದ್ದು ಇನ್ನೊಂದು.

ಸ್ವಚ್ಛ ಮಾಡುವ ಕ್ರಮ

ಮೊದಲು ಪ್ರಾಣಿಯನ್ನು ಪೆಟ್ಟಿಗೆ, ಲೈಟು ಸಮೇತ ಬೇರೆ ಕೋಣೆಗೆ ಸಾಗಿಸಿ. ಬಟ್ಟೆ ಮುಚ್ಚಿಟ್ಟರೆ ಸಾಲದು. ನೀವು ಎನ್-95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅಸ್ತಮಾ ಇದ್ದವರು ಈ ಕೆಲಸ ಮಾಡಬಾರದು.

ಒಣ ಬೂಷ್ಟನ್ನು ಗುಡಿಸಬೇಡಿ, ಬೀಜಾಣು ಇಡೀ ಮನೆಗೆ ಹರಡುತ್ತದೆ. ಫ್ಯಾನ್ ಆಫ್ ಮಾಡಿ, ಗೋಡೆಯನ್ನು ಸೋಪಿನ ನೀರಿನಿಂದ ಒದ್ದೆ ಮಾಡಿ ಉಜ್ಜಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಬಿಸಾಡಿ. ನಂತರ ಫ್ಯಾನ್ ಹಾಕಿ ಗೋಡೆ ಪೂರ್ತಿ ಒಣಗಿಸಿ. ಸುಮಾರು ಮೂರಡಿ ಉದ್ದ, ಮೂರಡಿ ಅಗಲಕ್ಕಿಂತ ಹೆಚ್ಚು ಜಾಗಕ್ಕೆ ಹಿಡಿದಿದ್ದರೆ ಗೊತ್ತಿರುವವರಿಂದ ಮಾಡಿಸುವುದು ಒಳ್ಳೆಯದು. ಬೂಷ್ಟಿನ ಮೇಲೆಯೇ ಪೇಂಟ್ ಹೊಡೆದರೆ ಪೇಂಟ್ ಎದ್ದು ಬರುತ್ತದೆ ಅಷ್ಟೇ.

ಬ್ಲೀಚ್ ಬಳಸಿದರೆ ಅದಕ್ಕೆ ವಿನೆಗರ್, ಟಾಯ್ಲೆಟ್ ಕ್ಲೀನರ್, ಅಮೋನಿಯಾ ಯಾವುದನ್ನೂ ಸೇರಿಸಬೇಡಿ, ವಿಷಾನಿಲ ಬರುತ್ತದೆ. ಫಿನೈಲ್ ಆ ಕೋಣೆಗೆ ಬೇಡವೇ ಬೇಡ, ಸರೀಸೃಪಗಳಿಗೆ ಅದು ವಿಷ. ವಾಸನೆ ಹೋಗಲೆಂದು ಊದ್, ಸಾಂಬ್ರಾಣಿ ಹೊಗೆ ಹಾಕುವುದು, ನುಸಿಗುಳಿಗೆ ಇಡುವುದು, ಸೊಳ್ಳೆ ಬತ್ತಿ ಉರಿಸುವುದೂ ಬೇಡ. ವಾಸನೆ ಪೂರ್ತಿ ಹೋಗಿ, ಗೋಡೆ ಒಣಗಿದ ಮೇಲೆಯೇ ಪ್ರಾಣಿಯನ್ನು ವಾಪಸು ತನ್ನಿ.

ಪುನಃ ಬಾರದಂತೆ

ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಕನಿಷ್ಠ ಅರ್ಧ ಅಡಿ ಬಿಡಿ. ನೀರಿನ ಟ್ಯಾಂಕಿಗೆ ಗಾಳಿಯಾಡುವ ಮುಚ್ಚಳ ಹಾಕಿ. ಒದ್ದೆಯಾದ ತೆಂಗಿನ ನಾರು, ಉಳಿದ ಸೊಪ್ಪು, ಹಣ್ಣನ್ನು ಅದೇ ದಿನ ತೆಗೆಯಿರಿ. ಒದ್ದೆ ಬಟ್ಟೆ ಆ ಕೋಣೆಯಲ್ಲಿ ಒಣಗಿಸಬೇಡಿ. ಮಳೆ ಸುರಿಯುವಾಗ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಬಿಸಿಲು ಬಿದ್ದಾಗ ತೆರೆಯಿರಿ. ಎ.ಸಿ. ಹಾಕಿದರೆ ತೇವ ಕಡಿಮೆಯಾಗುತ್ತದೆ, ಆದರೆ ಕೋಣೆ ತಣ್ಣಗಾಗುವ ಕಾರಣ ಪೆಟ್ಟಿಗೆಯ ಬಿಸಿ ನೋಡಿಕೊಳ್ಳಬೇಕು. ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಇನ್ನೂ ಒಳ್ಳೆಯದು.

ಕೋಣೆಯ ತೇವ ಶೇ. 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಇದನ್ನು ಅಳೆಯಲು ಹೈಗ್ರೋಮೀಟರ್ ಬೇಕು. ಅದು ಸರಿಯಾಗಿದೆಯೇ ಎಂದು ನೋಡಲು ಒಂದು ಮುಚ್ಚಳದಲ್ಲಿ ತುಸು ಒದ್ದೆ ಮಾಡಿದ ಅಡುಗೆ ಉಪ್ಪು ಹಾಕಿ, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಒಂದು ದಿನ ಇಡಿ. ಶೇ. 75ರ ಹತ್ತಿರ ತೋರಿಸಬೇಕು.

ಮನೆಯವರ ಆರೋಗ್ಯ, ಕಾನೂನು

ಆರೋಗ್ಯವಾಗಿ ಕಾಣುವ ಸರೀಸೃಪದಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಟ್ಯಾಂಕ್ ತೊಳೆಯುವುದು ಅಡುಗೆಮನೆಯ ಸಿಂಕಿನಲ್ಲಿ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಪ್ರಾಯದವರನ್ನು ದೂರ ಇಡಿ.

ನಕ್ಷತ್ರ ಆಮೆ, ಉಡ, ನಮ್ಮ ನಾಡಿನ ಹೆಬ್ಬಾವು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್, ಹಸಿರು ಇಗ್ವಾನಾದಂಥ ವಿದೇಶಿ ಪ್ರಾಣಿಗಳನ್ನು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಸಾಕಲು ಆಗುವುದಿಲ್ಲ ಎಂದು ಕೆಂಪು ಕಿವಿಯ ಆಮೆಯನ್ನು ತೋಡಿಗೆ ಬಿಡಬೇಡಿ. ಅದು ನಮ್ಮ ಊರಿನ ಆಮೆಗಳ ಆಹಾರ, ಜಾಗ ಕಸಿಯುತ್ತದೆ.

ಬೆಕ್ಕನ್ನು ಕೂಡಿಹಾಕಿ, ಆಹಾರವನ್ನೂ ಕೊಡದೆ, ಬಿಡಲೂ ಬಿಡದೆ ಕೊಂದ ಮಹಿಳೆಯ ಹದೀಸ್ ನಮ್ಮ ಮಕ್ಕಳಿಗೆ ಮದ್ರಸದಲ್ಲೇ ಗೊತ್ತು. ಕೂಡಿಟ್ಟ ಜೀವಕ್ಕೆ ಆಹಾರದಂತೆ ಒಳ್ಳೆಯ ಗಾಳಿಯೂ ಹಕ್ಕೇ. ಅದನ್ನು ಕೊಡಲು ಆಗುತ್ತದೆಯೇ ಎಂದು ಪ್ರಾಣಿ ತರುವ ಮೊದಲೇ, ಒಂದು ಮಳೆಗಾಲ ಆ ಕೋಣೆಯ ಗೋಡೆ ನೋಡಿ ನಿರ್ಧರಿಸಿ.