ಮೆಸ್ಯಾನ್ ಓದಿದ ತಾಳಗಳು

ಆಧುನಿಕ ಪಾಶ್ಚಾತ್ಯ ಸಂಗೀತಕ್ಕೆ ಹೊಸ ಲಯಪ್ರಜ್ಞೆ ತಂದವರಲ್ಲಿ ಒಲಿವಿಯೇ ಮೆಸ್ಯಾನ್ ಪ್ರಮುಖ. ಈತ 1908ರಲ್ಲಿ ಫ್ರಾನ್ಸಿನ ಅವಿನ್ಯೋನಿನಲ್ಲಿ ಹುಟ್ಟಿ, ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಕಲಿತ. 1931ರಲ್ಲಿ ಆ ನಗರದ ಟ್ರಿನಿಟಿ ಚರ್ಚಿನ ಆರ್ಗನ್ ವಾದಕನಾದವನು ಬದುಕಿನ ಕೊನೆಯವರೆಗೂ ಆ ಕೆಲಸ ಬಿಡಲಿಲ್ಲ.

ಲಾವಿನ್ಯಾಕ್ ಸಂಪಾದಿಸಿದ ಫ್ರೆಂಚ್ ಸಂಗೀತ ವಿಶ್ವಕೋಶದಲ್ಲಿ ಶಾರ್ಙ್ಗದೇವನ 120 ದೇಶೀ ತಾಳಗಳ ಪಟ್ಟಿ ಈತನ ಕಣ್ಣಿಗೆ ಬಿತ್ತು. ಶಾರ್ಙ್ಗದೇವ 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದವನು. ಅವನ ‘ಸಂಗೀತ ರತ್ನಾಕರ’ಕ್ಕೆ ಮುಂದೆ ವಿಜಯನಗರದಲ್ಲಿ ಕಲ್ಲಿನಾಥ ವ್ಯಾಖ್ಯಾನ ಬರೆದ. ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಸೂಳಾದಿ ಸಪ್ತತಾಳಗಳು ನೆಲೆಯಾದ ಮೇಲೆ ಈ ದೇಶೀ ತಾಳಗಳು ಬಹುಮಟ್ಟಿಗೆ ಗ್ರಂಥಗಳಲ್ಲೇ ಉಳಿದವು. ಮೆಸ್ಯಾನನಿಗೆ ದಕ್ಕಿದ್ದೂ ಕೈಯಲ್ಲಿ ಹಾಕುವ ತಾಳವಲ್ಲ, ಕಾಗದದ ಮೇಲಿನ ಲಘು-ಗುರುಗಳ ಲೆಕ್ಕ. ಭಾರತೀಯ ಸಂಗೀತವನ್ನು ಅನುಕರಿಸದೆ ಬೇರೊಂದನ್ನು ಕಟ್ಟಲು ಆತನಿಗೆ ಅನುಕೂಲವಾದದ್ದು ಬಹುಶಃ ಇದೇ. ‘ಢೇಂಕೀ’ ತಾಳ ಗುರು-ಲಘು-ಗುರು, ಅಂದರೆ ಛಂದಸ್ಸಿನ ರಗಣ. ಹಿಂದಿನಿಂದ ಓದಿದರೂ ಅದು ಬದಲಾಗದು. ಇಂಥ ಲಯಗಳನ್ನು ಮೆಸ್ಯಾನ್ ತನ್ನ ಶೈಲಿಯ ತಳಹದಿಯಾಗಿಸಿಕೊಂಡ.

1940ರಲ್ಲಿ ಜರ್ಮನ್ ಸೇನೆ ಈತನನ್ನು ಸೆರೆಹಿಡಿದು ಗೋರ್ಲಿಟ್ಸ್ ಶಿಬಿರಕ್ಕೆ ಒಯ್ದಿತು. ತನ್ನ ‘ಕಾಲಾಂತ್ಯಕ್ಕಾಗಿ ಚತುರ್ವಾದ್ಯ’ವನ್ನು 1941ರ ಜನವರಿ 15ರಂದು ಅಲ್ಲಿಯೇ ಒಂದು ಕೊಟ್ಟಿಗೆಯಲ್ಲಿ ಸಹಕೈದಿಗಳೊಡನೆ ನುಡಿಸಿದ. ಐದು ಸಾವಿರ ಜನ ಕೇಳಿದರೆಂದು ಮುಂದೆ ಹೇಳಿಕೊಳ್ಳುತ್ತಿದ್ದನಾದರೂ ಆ ಕೊಟ್ಟಿಗೆ ಹಿಡಿಸುತ್ತಿದ್ದುದು ಕೆಲವು ನೂರು ಮಂದಿಯನ್ನು ಮಾತ್ರ. ಮೊದಲ ಭಾಗದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ತಾಳಗಳನ್ನು ಜೋಡಿಸಿದ 17 ಕಾಲಮಾನಗಳ ಸರಣಿಯೊಂದು ಪಿಯಾನೋದಲ್ಲಿ ಮರುಕಳಿಸುತ್ತದೆ. ಸ್ವರಮೇಳಗಳಾದರೋ 29. ಎರಡೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ 493 ಹೆಜ್ಜೆ ಸಾಗಿದ ಮೇಲಷ್ಟೇ ಅವು ಮತ್ತೆ ಒಟ್ಟಿಗೆ ಆರಂಭವಾಗಬೇಕು. ಆ ಭಾಗ ಅದಕ್ಕೆ ಬಹಳ ಮೊದಲೇ ಮುಗಿಯುತ್ತದೆ. ಕೇಳುಗನಿಗೆ ಈ ಗಣಿತ ತಿಳಿಯುವುದಿಲ್ಲ. ತುದಿಮೊದಲಿಲ್ಲದ್ದರ ಒಂದು ತುಣುಕು ಕಿವಿಗೆ ಬಿದ್ದಂತಾಗುತ್ತದೆ.

ಬಿಡುಗಡೆಯ ಬಳಿಕ 1941ರಲ್ಲಿ ಕನ್ಸರ್ವೇಟರಿಯ ಅಧ್ಯಾಪಕನಾಗಿ ಸೇರಿ 1978ರವರೆಗೂ ಪಾಠ ಹೇಳಿದ. ಹತ್ತು ಭಾಗಗಳ ‘ತುರಂಗಲೀಲಾ’ ಸಿಂಫನಿಯನ್ನು 1949ರಲ್ಲಿ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲ ಬಾರಿಗೆ ನಿರ್ದೇಶಿಸಿದ. ಅದರ ಹೆಸರೂ ಶಾರ್ಙ್ಗದೇವನ ಪಟ್ಟಿಯಲ್ಲಿದೆ. 1950ರ ದಶಕದಲ್ಲಿ ಹಕ್ಕಿಗಳ ಉಲಿ ಕೃತಿಗಳನ್ನು ತುಂಬಿಕೊಂಡಿತು: ಕಾಡುಮೇಡು ಸುತ್ತಿ ಸ್ವರಲಿಪಿಯಲ್ಲಿ ಬರೆದುಕೊಂಡದ್ದನ್ನು ಪಿಯಾನೋಗೆ ಹೊಂದಿಸುತ್ತಿದ್ದ.

ಸ್ವರ, ಕಾಲಮಾನ, ನಾದದ ಬಲ, ನುಡಿಸುವ ಬಗೆ ನಾಲ್ಕನ್ನೂ ಕ್ರಮಬದ್ಧಗೊಳಿಸಿದ 1949ರ ಒಂದು ಪುಟ್ಟ ಪಿಯಾನೋ ರಚನೆ ಶಿಷ್ಯರಾದ ಪಿಯೇರ್ ಬೂಲೆಜ್ ಮತ್ತು ಸ್ಟಾಕ್‌ಹೌಸನ್ನರಿಗೆ ಹೊಸ ದಾರಿ ತೋರಿತು. ಗಣಿತ ಬಲ್ಲ ಕ್ಸೆನಾಕಿಸ್ ಬಂದಾಗ ಹಳೆಯ ಪಾಠಕ್ರಮಕ್ಕೆ ಕಟ್ಟಿಹಾಕದೆ, ಆ ಗಣಿತವನ್ನೇ ಸಂಗೀತಕ್ಕೆ ಬಳಸಲು ಹುರಿದುಂಬಿಸಿದವನೂ ಈತನೇ. ಮೆಸ್ಯಾನ್ 1992ರಲ್ಲಿ ತೀರಿಕೊಂಡ.