ರಾಗಿಯ ಕುಲವೃತ್ತಾಂತ

ಕನಕದಾಸರ ರಾಮಧಾನ್ಯಚರಿತೆಯಲ್ಲಿ ಬತ್ತಕ್ಕೂ ರಾಗಿಗೂ ನಡೆದ ವ್ಯಾಜ್ಯವನ್ನು ಶ್ರೋತೃಗಳು ಬಲ್ಲರು. ಬತ್ತವು ತನ್ನ ಹಿರಿಮೆಯನ್ನು ಹೇಳಿಕೊಂಡಿತು. ಆದರೆ ಸೆರೆಯಲ್ಲಿದ್ದೂ ಸತ್ವಗುಂದದ ರಾಗಿಯನ್ನೇ ಶ್ರೀರಾಮನು ಮನ್ನಿಸಿದನು. ಆ ತೀರ್ಪು ಗುಣವನ್ನು ಕುರಿತದ್ದು. ಕುಲದ ಪ್ರಶ್ನೆಗೆ ಉತ್ತರ ಹೇಳಬಲ್ಲ ದಫ್ತರವು ಪ್ರತಿಯೊಂದು ಕಾಳಿನೊಳಗೂ ಅಡಗಿದೆ. ಜೀವಕೋಶದ ವರ್ಣತಂತುಗಳಲ್ಲಿರುವ ಆ ಆನುವಂಶಿಕ ಲೇಖವನ್ನೇ ವಿಜ್ಞಾನಿಗಳು ಜೀನೋಮ್ ಎಂದು ಕರೆಯುವರು.

ಮೊದಲು ವಾದಿಯಾದ ಬತ್ತವನ್ನು ವಿಚಾರಿಸೋಣ. ಅದರಲ್ಲಿರುವುದು 12 ಜೊತೆ ವರ್ಣತಂತುಗಳು. ಸುಮಾರು 39 ಕೋಟಿ ಅಕ್ಷರಗಳ ಆ ಲೇಖವನ್ನು ಅಂತಾರಾಷ್ಟ್ರೀಯ ವಿದ್ವಾಂಸರ ತಂಡವು 2005ರಲ್ಲಿ ಓದಿ ಪ್ರಕಟಿಸಿತು. ಕುಲೀನನೆಂಬ ಈ ಬತ್ತದ ಮೂಲಪುರುಷನು ಏಷ್ಯದ ಜೌಗುನೆಲದ ಒಂದು ಕಾಡು ಹುಲ್ಲು! ಕಾಡು ಬತ್ತವು ಮಾಗಿದೊಡನೆ ಕಾಳನ್ನು ನೆಲಕ್ಕೆ ಉದುರಿಸುವುದು. ತೆನೆಯಲ್ಲಿ ಕಾಳು ನಿಲ್ಲುವ ಗಿಡಗಳನ್ನೇ ಮನುಷ್ಯನು ಕೊಯ್ದು, ಅವುಗಳನ್ನೇ ಮತ್ತೆ ಬಿತ್ತಿದನು. ಹೀಗೆ ಸಾವಿರಾರು ವರ್ಷಗಳಲ್ಲಿ ಹುಲ್ಲು ಪೈರಾಯಿತು.

ರಾಗಿಯ ವೃತ್ತಾಂತ ಇನ್ನೂ ವಿಚಿತ್ರವಾದುದು. ಅದರಲ್ಲಿ 18 ಜೊತೆ ವರ್ಣತಂತುಗಳಿವೆ. ಏಕೆಂದರೆ ಅದು ಎರಡು ಹುಲ್ಲುಗಳ ವಂಶಗಳು ಕೂಡಿ ಆದ ಸಂತಾನ. ಒಂದು ವಂಶವು ಇಲ್ಯುಸೀನ್ ಇಂಡಿಕ ಎಂಬ ಹುಲ್ಲಿಗೆ ಸೇರಿದ್ದು. ನಾವು ದಿನವೂ ಹಾದಿಬದಿಯಲ್ಲಿ ತುಳಿದು ನಡೆಯುವ ಕಳೆ ಅದೇ. ಇನ್ನೊಂದು ವಂಶದ ಹುಲ್ಲು ಯಾವುದೆಂದು ಇದುವರೆಗೆ ಯಾರೂ ಗುರುತಿಸಿಲ್ಲ. ಈ ಸಂತಾನವು ಪೈರಾದದ್ದು ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ, ಸುಮಾರು 5000 ವರ್ಷಗಳ ಹಿಂದೆ. ನಾವು ಅಪ್ಪಟ ಸ್ವದೇಶಿಯೆಂದು ನಂಬಿದ ಮುದ್ದೆಯು ಕಡಲಾಚೆಯಿಂದ ಬಂದ ಅತಿಥಿ.

ಈ ಲೇಖವನ್ನು ಓದಿದ ಕೀರ್ತಿಯಲ್ಲಿ ನಮ್ಮ ನಗರದ ಉತ್ತರ ಭಾಗಕ್ಕೂ ಪಾಲಿದೆ. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ದಯಪಾಲಿಸಿದರು. ಡಾ॥ ಲೇಮನ್ನರು ಅಲ್ಲಿ ಕೃಷಿ ಪ್ರಯೋಗಗಳನ್ನು ಆರಂಭಿಸಿದರು. ಆ ಬೀಜವೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಅದರ ವಿಜ್ಞಾನಿಗಳು ತಮ್ಮ ಸಹಯೋಗಿಗಳೊಡನೆ ಎಂ.ಎಲ್.-365 ಎಂಬ ರಾಗಿ ತಳಿಯ ಜೀನೋಮನ್ನು 2017ರಲ್ಲಿ ಪ್ರಕಟಿಸಿದರು.

ಆದರೆ ಲೇಖವನ್ನು ಓದುವ ಮೊದಲೇ ಅದರ ಮರ್ಮವನ್ನು ಅರಿತವರೊಬ್ಬರಿದ್ದರು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿದರು. ರಾಗಿಯ ಹೂವು ಅತಿ ಸಣ್ಣದು, ತನ್ನೊಳಗೇ ಪರಾಗ ಪಡೆಯುವಂಥದು. ಅದನ್ನು ಸಂಕರಗೊಳಿಸುವುದು ತಪಸ್ಸೇ ಸರಿ. ಅಗಲಿದ ದಾಯಾದಿಗಳು ಕೂಡಿದಾಗ ಇಳುವರಿ ಹೆಚ್ಚಿತು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರೂ ಸೇರಿ 'ಇಂಡಾಫ್' ಎಂಬ ತಳಿಗಳು ರೈತರ ಹೊಲಕ್ಕೆ ಬಂದವು.

ಬತ್ತದ ಚರಿತ್ರೆಯೂ ಇದೇ ಪಾಠವನ್ನು ಹೇಳುವುದು. 1970ರ ದಶಕದಲ್ಲಿ ಏಷ್ಯದ ಗದ್ದೆಗಳಿಗೆ ಪೈರನ್ನು ಕುಗ್ಗಿಸುವ ಒಂದು ವೈರಸ್ ರೋಗ ತಗಲಿತು. ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದಾಗ, ಅದನ್ನು ತಡೆಯುವ ಶಕ್ತಿ ದೊರೆತದ್ದು ಉತ್ತರ ಪ್ರದೇಶದ ಒಂದು ಕಾಡು ಬತ್ತದಲ್ಲಿ. ಆ ಹುಲ್ಲನ್ನು ಯಾರಾದರೂ ಮೊದಲೇ ನಿರ್ಮೂಲ ಮಾಡಿದ್ದರೆ?

ಯಲಹಂಕ, ಹೆಬ್ಬಾಳಗಳ ಹೊಲಗಳು ಇಂದು ಬಡಾವಣೆಗಳಾಗಿವೆ. ಹಳೆಯ ನಾಟಿ ತಳಿಗಳು ಒಂದೊಂದಾಗಿ ಮರೆಯಾಗುತ್ತಿವೆ. ಕಳೆಯೆಂದು ಕಿತ್ತೆಸೆಯುವುದರಲ್ಲಿ ನಾಳಿನ ಅನ್ನವಿರಬಹುದು. ಕುಲದ ವ್ಯಾಜ್ಯಕ್ಕೆ ಜೀನೋಮು ಕೊಡುವ ತೀರ್ಪು ಇಷ್ಟೇ: ಬತ್ತವೂ ರಾಗಿಯೂ ಹುಲ್ಲಿನ ಮಕ್ಕಳು, ಆ ಹುಲ್ಲನ್ನು ಉಳಿಸಿಕೊಂಡವರೇ ಊಟ ಉಳಿಸಿಕೊಂಡಾರು.