ಮೈಸೂರಿನ ಆಕಾಶವಾಣಿ: ಹೆಸರಿನ ಇತಿವೃತ್ತ

ಪುರಾಣಕಾವ್ಯಗಳಲ್ಲಿ ಆಕಾಶವಾಣಿಯೆಂದರೆ ಶರೀರವಿಲ್ಲದ ದನಿ. ಆಡಿದವರು ಕಾಣಿಸಿಕೊಳ್ಳದೆ ಮಾತು ಮಾತ್ರ ಕಿವಿಗೆ ಬೀಳುವುದೇ ಅದರ ಲಕ್ಷಣ. ಕಂಸನು ತನ್ನ ಮೃತ್ಯುವಿನ ವಿಷಯವನ್ನು ತಿಳಿದುದು ಇಂತಹ ವಾಣಿಯಿಂದಲೇ. ಈ ಪ್ರಾಚೀನ ಶಬ್ದವು ಇಂದು ಭಾರತದ ಬಾನುಲಿ ಸಂಸ್ಥೆಯ ಅಂಕಿತವಾಗಿದೆ. ಅದು ಮೊದಲು ಎಲ್ಲಿ ನೆಲೆಗೊಂಡಿತೆಂಬ ವಿಷಯದಲ್ಲಿ ಮತಭೇದವಿರುವುದರಿಂದ ಕಾಲಕ್ರಮವನ್ನು ವಿಚಾರಿಸುವುದು ಉಚಿತ.

1927ರಲ್ಲಿ ಮುಂಬಯಿ, ಕಲ್ಕತ್ತೆಗಳಲ್ಲಿ ಪ್ರಸಾರವನ್ನಾರಂಭಿಸಿದ ಖಾಸಗಿ ಕಂಪೆನಿಯು ಮೂರೇ ವರ್ಷಗಳಲ್ಲಿ ಮುಚ್ಚಿತು. 1930ರಲ್ಲಿ ಆ ಕಾರ್ಯವು ಬ್ರಿಟಿಷ್ ಸರ್ಕಾರದ ವಶವಾಯಿತು. ಮೈಸೂರಿನ ನಿಲಯವಾದರೋ ವ್ಯಾಪಾರದಿಂದಲೂ ಹುಟ್ಟಲಿಲ್ಲ, ರಾಜಾಜ್ಞೆಯಿಂದಲೂ ಹುಟ್ಟಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ, 30 ವಾಟ್ ಶಕ್ತಿಯ ಸಣ್ಣ ಯಂತ್ರದಿಂದ, ತಮ್ಮ ಮನೆಯಲ್ಲಿಯೇ ಅದನ್ನು ಸ್ಥಾಪಿಸಿದರು. ಮುಂದೆ 250 ವಾಟ್ ಯಂತ್ರವು ಬಂದಿತು. ಅರಮನೆಯ ಹಾಗೂ ಪುರಸಭೆಯ ನೆರವೂ ದೊರೆಯಿತು.

ನಿಲಯಕ್ಕೆ ‘ಆಕಾಶವಾಣಿ’ಯೆಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿಯುಂಟು. ಗೋಪಾಲಸ್ವಾಮಿಯವರೇ ಇಟ್ಟರೆಂದು ಹೇಳುವವರೂ ಇದ್ದಾರೆ. ಇನ್ನು ಕೆಲವರು ಈ ಗೌರವವನ್ನು ರವೀಂದ್ರನಾಥ ಠಾಕೂರರಿಗೆ ಸಲ್ಲಿಸುತ್ತಾರೆ. ಕಲ್ಕತ್ತೆಯ ನಿಲಯಕ್ಕಾಗಿ ಅವರು ಆ ಹೆಸರಿನ ಕವಿತೆಯನ್ನು ರಚಿಸಿದುದು ನಿಜ. ಆದರೆ ಅದು 1938ರ ಸಂಗತಿ. ಮೈಸೂರು ಮೂರು ವರ್ಷ ಮುಂದಿದೆ. ಸಂಸ್ಕೃತದ ಸಂಪತ್ತನ್ನು ಸಮವಾಗಿ ಪಡೆದ ಎರಡು ಭಾಷೆಗಳಲ್ಲಿ ಒಂದೇ ಶಬ್ದವು ಸ್ವತಂತ್ರವಾಗಿ ಹೊಳೆಯುವುದು ಅಸಂಭವವಲ್ಲ. ಆದುದರಿಂದ ಒಬ್ಬರು ಇನ್ನೊಬ್ಬರಿಂದ ಪಡೆದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಬಾನುಲಿ ನಿಲಯಕ್ಕೆ ಹೆಸರಾಗಿ ಅದನ್ನು ಇಟ್ಟುದರಲ್ಲಿ ಮಾತ್ರ ಮೈಸೂರಿನ ಪ್ರಾಥಮ್ಯವು ನಿರ್ವಿವಾದ.

ಹೆಸರು ಬೆಳೆಯಿತು, ನಿಲಯವು ಸ್ಥಳವನ್ನು ಕಳೆದುಕೊಂಡಿತು. 1940ರ ದಶಕದ ಆದಿಯಲ್ಲಿ ಅದು ಸಂಸ್ಥಾನದ ಸರ್ಕಾರಕ್ಕೆ ಸೇರಿತು. 1950ರಲ್ಲಿ ಅಖಿಲ ಭಾರತ ಸಂಸ್ಥೆಯಲ್ಲಿ ಲೀನವಾಯಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಆ ದಶಕದ ಉತ್ತರಾರ್ಧದಲ್ಲಿ ‘ಆಕಾಶವಾಣಿ’ಯು ದೇಶದ ಸಂಸ್ಥೆಗೇ ಹೆಸರಾದಾಗ ಮೈಸೂರಿನಲ್ಲಿ ನಿಲಯವೇ ಇರಲಿಲ್ಲ. 1974ರಲ್ಲಿ ಅಲ್ಲಿ ಮತ್ತೆ ನಿಲಯವು ಸ್ಥಾಪಿತವಾಯಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಆಕಾಶವಾಣಿಯೆಂದೇ ವ್ಯವಹರಿಸಬೇಕೆಂದು ಆದೇಶವಾಯಿತು. ದೊಡ್ಡ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ರಾಜಧಾನಿಯ ದಫ್ತರಗಳನ್ನಷ್ಟೇ ನೋಡಿದರೆ ಸಾಲದು; ಊರಿನ ಉಪಾಧ್ಯಾಯರ ಮನೆಗಳನ್ನೂ ಅರಸಬೇಕೆಂಬುದಕ್ಕೆ ಈ ಹೆಸರೇ ಸಾಕ್ಷಿ.